ಹೈಸ್ಕೂಲಿನ ಬಡಮಕ್ಕಳ ಕೆಲಸವೆಲ್ಲ ಒಬ್ಬರ ಮೇಲೆ ಹಾಕಿದ್ದಾರೆ, ಎಲ್ಲಿಂದ ಶುರು ಮಾಡಲಿ?

ಸಮಾಜ_ಮೇಡಂ
ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಶಾಲೆ ಶುರುವಾದಾಗ ಎಚ್‌ಎಂ (ಮುಖ್ಯ ಶಿಕ್ಷಕರು) ಸ್ಟಾಫ್ ಮೀಟಿಂಗಿನಲ್ಲಿ ಹೇಳಿಬಿಟ್ಟರು: "ಸ್ಕಾಲರ್‌ಶಿಪ್, ಹಾಸ್ಟೆಲ್, ಗುಳೆ ಹೋಗೋ ಮಕ್ಕಳು, ವಿಶೇಷ ಅಗತ್ಯದ ಮಕ್ಕಳು, ನಿಧಾನ ಕಲಿಕೆಯವರು, ಎಲ್ಲಾ ಈ ವರ್ಷದಿಂದ ನೀವೇ ನೋಡ್ಕೊಳ್ರಿ ಮೇಡಂ." ಉಳಿದವರು ಚಪ್ಪಾಳೆ ತಟ್ಟಿದರು. ಯಾಕೆ ತಟ್ಟಿದರು ಅಂತ ನಿಮಗೆ ಗೊತ್ತೇ ಇದೆ.

ನಮ್ಮದು 8, 9, 10 ಮಾತ್ರ ಇರುವ ಶಾಲೆ. ಸುತ್ತಲಿನ ಹಳ್ಳಿ ಮತ್ತು ತಾಂಡಾಗಳಿಂದ ಮಕ್ಕಳು ಬರುತ್ತಾರೆ. ಮುಕ್ಕಾಲು ಪಾಲು ಮನೆಗಳಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಮಗು ಇದೇ. ಕೆಲವರು ಏಳರವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಎಂಟಕ್ಕೆ ಸೀದಾ ಕನ್ನಡ ಮಾಧ್ಯಮಕ್ಕೆ ಬಂದಿರುತ್ತಾರೆ. ದೀಪಾವಳಿ ಹತ್ತಿರ ಬಂತೆಂದರೆ ಹತ್ತಿ ಬಿಡಿಸುವ ಕೆಲಸ ಜೋರು. ಬೆಂಚು ಖಾಲಿ. ಆಮೇಲೆ ಅರ್ಧ ಊರೇ ಬೆಂಗಳೂರು, ಪುಣೆ ಅಂತ ಗುಳೆ ಹೊರಡುತ್ತದೆ.

ನನ್ನ ಹತ್ತಿರ ಈಗ ಏಳೆಂಟು ಪಟ್ಟಿಗಳಿವೆ. ಒಂದೊಂದು ಇಲಾಖೆಗೆ ಒಂದೊಂದು. ಒಂದೇ ಹುಡುಗಿಯ ಹೆಸರು ನಾಲ್ಕು ಪಟ್ಟಿಯಲ್ಲಿದೆ, ನಾಲ್ಕು ಕಡೆಯೂ ಬೇರೆ ಬೇರೆ ಕಾಗುಣಿತ. ಇದನ್ನೆಲ್ಲ ಒಂದು ಕಡೆ ತರುವುದು ಹೇಗೆ? ಮೊದಲು ಯಾವುದಕ್ಕೆ ಕೈ ಹಾಕಬೇಕು? ಮಾಡಿ ನೋಡಿದವರು ಹೇಳಿ. ಸುತ್ತೋಲೆ ಓದಿ ಹೇಳುವುದು ಬೇಡ, ಅದು ನನ್ನ ಹತ್ತಿರವೂ ಇದೆ.

ಸುಮ್ನೆ_ಬಂದೆ
ಮೊದಲು ಆ ಚಪ್ಪಾಳೆ ತಟ್ಟಿದವರ ಪಟ್ಟಿ ಮಾಡಿ ಮೇಡಂ 😄

ಗಣಿತದ_ಮೇಷ್ಟ್ರು
ನಾನು ತುಮಕೂರು ಕಡೆಯವನು. ನನ್ನ ಅನುಭವದಲ್ಲಿ ಮೊದಲ ಕೆಲಸ ಹೆಸರು. ಆಧಾರ್, ಸ್ಯಾಟ್ಸ್ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಈ ನಾಲ್ಕರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಇಲ್ಲದಿದ್ದರೆ ಎಸ್‌ಎಸ್‌ಪಿಯಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕಿದರೂ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಎಂಟನೇ ತರಗತಿಯಲ್ಲೇ ಸರಿ ಮಾಡಿಸಿ. ಹತ್ತಕ್ಕೆ ಬಂದು ಪರೀಕ್ಷೆಗೆ ನೋಂದಣಿ ಆಗಿ, ಮಾರ್ಕ್ಸ್ ಕಾರ್ಡ್ ಕೈಗೆ ಬಂದ ಮೇಲೆ ತಿದ್ದಿಸುವುದು ದೊಡ್ಡ ರಗಳೆ.

ಇನ್ನೊಂದು. ಮಕ್ಕಳಿಗೆ 15 ವರ್ಷ ತುಂಬಿದ ಮೇಲೆ ಆಧಾರ್ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಲೇಬೇಕು. ಐದನೇ ವಯಸ್ಸಿಗೆ ಒಂದು ಸಲ, 15ಕ್ಕೆ ಒಂದು ಸಲ. ಇದು ಸರಿಯಾಗಿ 9, 10ನೇ ತರಗತಿಯಲ್ಲೇ ಬರುತ್ತದೆ. ಮಾಡಿಸದಿದ್ದರೆ ಬೆರಳಚ್ಚು ಹೊಂದುವುದಿಲ್ಲ, ಹುಡುಗ ಬ್ಯಾಂಕಿಗೂ ಕಂಪ್ಯೂಟರ್ ಅಂಗಡಿಗೂ ಓಡಾಡಿ ಸುಸ್ತಾಗುತ್ತಾನೆ. 17ರೊಳಗೆ ಮಾಡಿಸಿದರೆ ದುಡ್ಡಿಲ್ಲ.

ಕೃಷ್ಣಾತೀರ
ಮೇಷ್ಟ್ರು ಹೇಳಿದ್ದು ಖರೆ ಐತಿ. ನಾನು ರಾಯಚೂರು ಕಡೆ, ಹಿಂದೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷ ಇದ್ದೆ. ಒಂದು ಮಾತು ಸೇರಿಸುತ್ತೇನೆ. ಬಹಳ ಮಕ್ಕಳ ಸ್ಕಾಲರ್‌ಶಿಪ್ ಮಂಜೂರಾಗಿರುತ್ತದೆ, ಆದರೆ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್‌ಗೆ ಖಾತೆ ಜೋಡಿಸುವುದು) ಇರುವುದಿಲ್ಲ. ಪಾಸ್‌ಬುಕ್ ಇದೆ, ಆಧಾರ್ ಜೆರಾಕ್ಸ್ ಕೊಟ್ಟಿದ್ದೀವಿ ಅಂತ ತಾಯಂದಿರು ತಿಳಿದಿರುತ್ತಾರೆ. ಜೆರಾಕ್ಸ್ ಕೊಟ್ಟರೆ ಸಾಲದು. ದುಡ್ಡು ಬರುವ ಖಾತೆ ಇದೇ ಅಂತ ಬ್ಯಾಂಕಿನವರು ಕೂಡಿಸಬೇಕು. ಮೂರನೇ ತರಗತಿಯಲ್ಲಿ ತೆರೆದ ಖಾತೆ ವ್ಯವಹಾರ ಇಲ್ಲದೆ ಸತ್ತು ಹೋಗಿರುತ್ತದೆ, ಅದು ಬೇರೆ.

ನಮ್ಮಲ್ಲಿ ಪೋಸ್ಟ್‌ಮನ್ ಅವರನ್ನೇ ಶಾಲೆಗೆ ಕರೆಸಿದೆವು. ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಅಲ್ಲೇ ಹೆಬ್ಬೆರಳು ಒತ್ತಿಸಿ ತೆರೆದರು. ಅವ್ವ ಅಪ್ಪ ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕಿಗೆ ಹೋಗುವುದು ತಪ್ಪಿತು.

ಬೆಂಗಳೂರ್_ಬಾಬು
ಒಳ್ಳೆ ಚರ್ಚೆ. ನಾನು ಐಟಿಯಲ್ಲಿದ್ದೇನೆ, ನಮ್ಮ ಹಳೇ ವಿದ್ಯಾರ್ಥಿಗಳ ಗುಂಪಿದೆ. ಹಿಂದುಳಿದ ಜಿಲ್ಲೆಯ ಒಂದು ಹೈಸ್ಕೂಲಿಗೆ ಟ್ಯಾಬ್ ಕೊಡಬೇಕು ಅಂತ ದುಡ್ಡು ಸೇರಿಸಿದ್ದೇವೆ. ಮೇಡಂ, ನಿಮ್ಮ ಶಾಲೆಗೆ ಬೇಕಾ? ಮಕ್ಕಳು ಮನೆಯಲ್ಲೇ ವಿಡಿಯೋ ಪಾಠ ನೋಡಬಹುದು.

ತಾಂಡಾದ_ಹುಡುಗ
@ಬಾಬು ಅಣ್ಣ, ಮನೆಯಲ್ಲಿ ಚಾರ್ಜ್ ಮಾಡುವುದು ಎಲ್ಲಿ, ಇಡುವುದು ಎಲ್ಲಿ? ನಾನು ತಾಂಡಾದಿಂದಲೇ ಬಂದವನು. ನನಗೆ ಆಗ ಟ್ಯಾಬ್ ಕೊಟ್ಟಿದ್ದರೆ ಮೊದಲ ಗುಳೆಗೆ ಅದು ಅಡವು ಹೋಗುತ್ತಿತ್ತು. ಬಸ್ ಚಾರ್ಜು ಕೊಡಿ, ಸಂಜೆ ತರಗತಿಗೆ ಉಳಿಯುವ ಮಕ್ಕಳಿಗೆ ತಿಂಡಿ ಕೊಡಿ.

ಬೆಂಗಳೂರ್_ಬಾಬು
ಸ್ವಲ್ಪ ಖಾರವಾಗಿ ಹೇಳಿದಿರಿ. ಆದರೆ ತಿಂಡಿಗೆ ಕೊಟ್ಟರೆ ದಾನಿಗಳಿಗೆ ತೋರಿಸಲು ಏನೂ ಇರುವುದಿಲ್ಲವಲ್ಲ?

ತಾಂಡಾದ_ಹುಡುಗ
ಅದೇ ಸಮಸ್ಯೆ ಅಣ್ಣ.

ನಿವೃತ್ತ_ಎಚ್‌ಎಂ
ಸಮಾಜ_ಮೇಡಂ ಅವರೇ, ನಿಮ್ಮ ಏಳೆಂಟು ಪಟ್ಟಿಯನ್ನು ಪಕ್ಕಕ್ಕಿಡಿ. ಅವು ಇಲಾಖೆಗೆ ಬೇಕಾದವು, ನಿಮಗಲ್ಲ. ಒಂದು ದಪ್ಪ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಮಗುವಿಗೆ ಒಂದು ಪುಟ. ಮೇಲೆ ಹೆಸರು, ಸ್ಯಾಟ್ಸ್ ನಂಬರು, ಮನೆಯಲ್ಲಿ ಯಾರಿದ್ದಾರೆ, ಫೋನ್ ಯಾರ ಹತ್ತಿರ ಇರುತ್ತದೆ. ಕೆಳಗೆ ಈ ಮಗುವಿಗೆ ಏನು ಸಿಗಬೇಕು, ಏನು ಸಿಕ್ಕಿದೆ, ಎಲ್ಲಿ ನಿಂತಿದೆ. ಅದರ ಕೆಳಗೆ ಹಾಜರಿ ಮತ್ತು ಓದು. ಅಷ್ಟೇ.

ಯೋಜನೆಯ ಪಟ್ಟಿ ಹಿಡಿದು ಹೊರಟರೆ ಏನಾಗುತ್ತದೆ ಗೊತ್ತಾ? ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಟಿಕ್ ಬಿದ್ದ ಹುಡುಗಿ ಶಾಲೆಗೇ ಬರುತ್ತಿರುವುದಿಲ್ಲ. ಆ ಪಟ್ಟಿ ನೋಡಿದವರಿಗೆ ಅದು ಕಾಣುವುದಿಲ್ಲ. ಮಗುವಿನ ಪುಟ ತೆರೆದರೆ ಕಾಣುತ್ತದೆ.

ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅರ್ಧ ಗಂಟೆ ಎಲ್ಲ ಕ್ಲಾಸ್ ಟೀಚರ್‌ಗಳನ್ನೂ ಕೂರಿಸಿ. ಆ ವಾರ ಮೂರು ದಿನಕ್ಕಿಂತ ಜಾಸ್ತಿ ಬರದವರ ಪುಟ ಮಾತ್ರ ತೆಗೆಯಿರಿ. ಯಾರು ಮನೆಗೆ ಹೋಗುತ್ತಾರೆ, ಯಾರು ಫೋನ್ ಮಾಡುತ್ತಾರೆ ಅಂತ ಅಲ್ಲೇ ಹಂಚಿ. ಎಲ್ಲವನ್ನೂ ನೀವೇ ಮಾಡಲು ಹೋಗಬೇಡಿ. ನೀವು ನೆನಪಿಟ್ಟುಕೊಳ್ಳುವವರು, ಓಡಾಡುವವರು ಎಲ್ಲರೂ ಆಗಬೇಕು.

ಸಿಆರ್‌ಪಿ_ಒಬ್ಬ
ನಾನು ಕ್ಲಸ್ಟರ್‌ನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ. ಎಚ್‌ಎಂ ಸರ್ ಹೇಳಿದ್ದು ಕೇಳಲು ಚೆನ್ನಾಗಿದೆ. ಆದರೆ ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಆಫೀಸಿನಿಂದ ಮಧ್ಯಾಹ್ನ ಮೂರು ಗಂಟೆಗೆ ವಾಟ್ಸಾಪ್ ಬರುತ್ತದೆ, "ನಾಲ್ಕು ಗಂಟೆಯೊಳಗೆ ಯೋಜನೆವಾರು ಮಾಹಿತಿ ಕಳಿಸಿ" ಅಂತ. ಆಗ ನೋಟ್‌ಬುಕ್ಕಿನ ಪುಟ ತಿರುವುತ್ತಾ ಕೂರಲು ಆಗುತ್ತದಾ? ಎಕ್ಸೆಲ್ ಮಾಡಿ ಮೇಡಂ. ಒಂದು ಸಾಲು ಒಂದು ಮಗು, ಅಡ್ಡಕ್ಕೆ ಯೋಜನೆಗಳು. ಮಗುವಾರೂ ಸಿಗುತ್ತದೆ, ಯೋಜನೆವಾರೂ ಸಿಗುತ್ತದೆ.

ನಿವೃತ್ತ_ಎಚ್‌ಎಂ
ಎಕ್ಸೆಲ್‌ನಲ್ಲಿ "ಅಪ್ಪ ಕುಡಿದು ಹೊಡೆಯುತ್ತಾನೆ, ಅಜ್ಜಿ ಮನೆಯಲ್ಲಿದ್ದಾಳೆ" ಅಂತ ಯಾವ ಕಾಲಂನಲ್ಲಿ ಬರೆಯುತ್ತೀರಿ? ಆ ಎಕ್ಸೆಲ್ ಆಮೇಲೆ ಎಷ್ಟು ವಾಟ್ಸಾಪ್ ಗುಂಪಿಗೆ ಹೋಗುತ್ತದೆ?

ಸಿಆರ್‌ಪಿ_ಒಬ್ಬ
ಅದು ಒಪ್ಪಿದೆ ಸರ್. ಮನೆ ವಿಷಯ ನೋಟ್‌ಬುಕ್ಕಿನಲ್ಲಿ, ಬೀರುವಿನಲ್ಲಿ ಬೀಗ. ನಂಬರುಗಳು ಎಕ್ಸೆಲ್‌ನಲ್ಲಿ.

ಕಡಲತೀರದವಳು
ಎರಡೆರಡು ಕಡೆ ಬರೆಯಲು ಪಾಪ ಅವರಿಗೆ ಪುರುಸೊತ್ತು ಎಲ್ಲಿದೆ? ಪಾಠ ಯಾವಾಗ ಮಾಡುವುದು? ಬಿಎಲ್‌ಒ (ಮತದಾರರ ಪಟ್ಟಿ) ಕೆಲಸ, ಗಣತಿ, ಸಮೀಕ್ಷೆ, ಎಲ್ಲವೂ ಶಿಕ್ಷಕರ ಮೇಲೆಯೇ. 2025ರಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರಲ್ಲ, ಮಕ್ಕಳ ಪಾಠ ಹೋಯಿತು. ದಕ್ಷಿಣ ಕನ್ನಡದಲ್ಲಿ ನಾವು ಹೇಗೋ ಸುಧಾರಿಸಿಕೊಂಡೆವು. ಮೇಡಂ ಕಡೆ ಆ ಹೊತ್ತಿಗೆ ಹತ್ತಿ ಶುರುವಾಗಿರುತ್ತದೆ. ರಜೆಗೆ ಅಂತ ಹೊಲಕ್ಕೆ ಹೋದ ಮಗು ವಾಪಸ್ ಬರುವುದು ಕಷ್ಟ.

ಸುಮ್ನೆ_ಬಂದೆ
ನಿಮ್ಮ ಜಿಲ್ಲೆಗೆ ಏನು ಬಿಡಿ ಅಕ್ಕ, ಹೆಚ್ಚಿನ ವರ್ಷ ಎಸ್‌ಎಸ್‌ಎಲ್‌ಸಿ ರಿಸಲ್ಟ್‌ನಲ್ಲಿ ನೀವು ಮತ್ತು ಉಡುಪಿ ಇಬ್ಬರೇ ಕಿತ್ತಾಡುತ್ತೀರಿ. 2024ರಲ್ಲಿ ಉಡುಪಿ 94, ಯಾದಗಿರಿ 50.59, ಕಟ್ಟಕಡೆಗೆ.

ಕಡಲತೀರದವಳು
ಅದಕ್ಕೇ ಹೇಳಿದ್ದು. ನಮ್ಮಲ್ಲಿ ಮನೆಯಲ್ಲಿ ಓದಿದ ಅಮ್ಮಂದಿರು ಜಾಸ್ತಿ. ಶಾಲೆ ಹತ್ತಿರ. ಶಿಕ್ಷಕರ ಹುದ್ದೆ ಅಷ್ಟು ಖಾಲಿ ಇರುವುದಿಲ್ಲ. ನಾವೇನೋ ಬುದ್ಧಿವಂತರು ಅಂತಲ್ಲ.

ಗಣಿತದ_ಮೇಷ್ಟ್ರು
ರಿಸಲ್ಟ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. 2023ರಲ್ಲಿ ರಾಜ್ಯದ ಫಲಿತಾಂಶ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು, ಗ್ರೇಸ್ ಅಂಕ ಕೊಟ್ಟ ಮೇಲೂ 73.40ಕ್ಕೆ ಇಳಿಯಿತು. ಅಂದರೆ ಮೊದಲು ಎಷ್ಟೋ ಮಕ್ಕಳು ಏನೂ ಕಲಿಯದೆ ಪಾಸಾಗುತ್ತಿದ್ದರು ಅಂತಾಯಿತು. ಈಗಲೂ ನಾವು ಮಾಡುವುದೇನು? ಜನವರಿಯಿಂದ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟನ್ನೇ ಬಾಯಿಪಾಠ ಮಾಡಿಸುವುದು. ನಕ್ಷೆ, ಚಿತ್ರ, ಎರಡು ಪ್ರಮೇಯ. ಭಾಗಾಕಾರ ಬಾರದ ಹುಡುಗ ಪ್ರಮೇಯ ಬಾಯಿಪಾಠ ಮಾಡುತ್ತಾನೆ.

ಮೇಡಂ, ನಿಧಾನ ಕಲಿಕೆಯವರ ಪಟ್ಟಿಯನ್ನು ಹತ್ತರಿಂದ ಶುರು ಮಾಡಬೇಡಿ, ಎಂಟರಿಂದ ಶುರು ಮಾಡಿ. ಜೂನ್ ಸೇತುಬಂಧದ (ಹಿಂದಿನ ತರಗತಿಯ ಕಲಿಕೆ ಸರಿಪಡಿಸುವ) ಪರೀಕ್ಷೆಯನ್ನು ಕಾಟಾಚಾರಕ್ಕೆ ಮಾಡದೆ, ಒಬ್ಬೊಬ್ಬರನ್ನೂ ಪಕ್ಕಕ್ಕೆ ಕೂರಿಸಿ ಒಂದು ಪ್ಯಾರಾ ಓದಿಸಿ, ಒಂದು ಕಳೆಯುವ ಲೆಕ್ಕ, ಒಂದು ಭಾಗಾಕಾರ ಮಾಡಿಸಿ. ಯಾರಿಗೆ ಏನು ಬೇಕು ಅಂತ ಒಂದು ವಾರದಲ್ಲಿ ಗೊತ್ತಾಗುತ್ತದೆ.

ಸಮಾಜ_ಮೇಡಂ
ಎಂಟರವರಿಗೆ ಓದಿಸಿ ನೋಡಿದೆ ಸರ್. ಕೆಲವರು ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಾರೆ. ನನ್ನ ಪಾಠದ ಪುಸ್ತಕದಲ್ಲಿ ಒತ್ತಕ್ಷರ ಇಲ್ಲದ ಸಾಲೇ ಇಲ್ಲ!

ಕೃಷ್ಣಾತೀರ
ಗುರುಗಳೇ, ಪಾಸಿಂಗ್ ಪ್ಯಾಕೇಜ್ ಬಗ್ಗೆ ಹಗುರ ಮಾತಾಡಬೇಡ್ರಿ. ನಮ್ಮ ಕಡೆ ಹುಡುಗಿ ಹತ್ತು ಪಾಸಾದರೆ ಪಿಯುಸಿ ಅಂತ ಎರಡು ವರ್ಷ ಮದುವೆ ಮುಂದೆ ಹೋಗುತ್ತದೆ. ಫೇಲಾದರೆ ಅದೇ ಬೇಸಿಗೆಯಲ್ಲಿ ಮುಗೀತು. ಪ್ರಮೇಯ ಅರ್ಥ ಆಗಿದೆಯೋ ಇಲ್ಲವೋ ಆಮೇಲೆ ನೋಡೋಣ.

ಗಣಿತದ_ಮೇಷ್ಟ್ರು
ಅದು ಖಂಡಿತ ದೊಡ್ಡ ಮಾತು, ಒಪ್ಪುತ್ತೇನೆ. ಹತ್ತರವರಿಗೆ ಪ್ಯಾಕೇಜ್ ಕೊಡಿ. ಎಂಟರವರನ್ನೂ ಅದೇ ಪ್ಯಾಕೇಜಿಗೆ ಕಾಯಿಸಬೇಡಿ ಅನ್ನುವುದಷ್ಟೇ ನನ್ನ ಜಗಳ.

ಹಾಸ್ಟೆಲ್_ವಾರ್ಡನ್
ಫೇಲಾದರೆ ಮುಗೀತು ಅನ್ನುವುದು ಈಗ ಅಷ್ಟು ಸರಿಯಲ್ಲ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಪರೀಕ್ಷೆ-1ರಲ್ಲಿ ಹೋದ ವಿಷಯವನ್ನು ಪರೀಕ್ಷೆ-2ರಲ್ಲಿ ಬರೆಯಬಹುದು, ಅದೇ ವರ್ಷ ಪಿಯುಸಿಗೆ ಸೇರಬಹುದು. ಫಲಿತಾಂಶ ಬಂದ ದಿನವೇ ಫೇಲಾದವರ ಮನೆಗೆ ಹೋಗಬೇಕು. ಅದನ್ನೂ ಯಾರೋ ಒಬ್ಬರು ನೋಡಿಕೊಳ್ಳಬೇಕಲ್ಲ. ರಜೆ ಅಂತ ಎಲ್ಲರೂ ಊರಿಗೆ ಹೋಗಿರುತ್ತಾರೆ.

ತಾಂಡಾದ_ಹುಡುಗ
ಮೇಡಂ, ಒಂದು ಕೋರಿಕೆ. ದಯವಿಟ್ಟು ಇದನ್ನು ಓದಿ.

ನಾನು ಹೈಸ್ಕೂಲಿನಲ್ಲಿದ್ದಾಗ ಸ್ಕಾಲರ್‌ಶಿಪ್ ಬಂದಾಗಲೆಲ್ಲ ಕ್ಲಾಸಿಗೆ ಬಂದು "ಎಸ್‌ಸಿ ಎಸ್‌ಟಿಯವರು ಎದ್ದು ನಿಲ್ರೋ" ಅನ್ನುತ್ತಿದ್ದರು. ನಾವು ಎದ್ದು ನಿಲ್ಲುತ್ತಿದ್ದೆವು. ಉಳಿದವರು ಕೂತು ನೋಡುತ್ತಿದ್ದರು. ಅದುವರೆಗೆ ಪಕ್ಕದಲ್ಲಿ ಕೂತು ಉಪ್ಪಿನಕಾಯಿ ಹಂಚಿಕೊಂಡು ತಿನ್ನುತ್ತಿದ್ದ ಗೆಳೆಯ ಅವತ್ತಿನಿಂದ ಡಬ್ಬಿ ಬೇರೆ ತೆಗೆದ. ಹೇಳಿದ ಮೇಷ್ಟ್ರು ಕೆಟ್ಟವರಲ್ಲ, ನಮಗೆ ಸ್ವಂತ ದುಡ್ಡಿನಲ್ಲಿ ಪೆನ್ನು ಕೊಡಿಸಿದವರೇ. ಆದರೂ ನನಗೆ ನೆನಪಿರುವುದು ಪೆನ್ನಲ್ಲ.

ಈಗಲೂ ಹೀಗೇ ನಡೆಯುತ್ತಿದೆ, ನನ್ನ ತಂಗಿಯ ಮಗಳು ಹೇಳುತ್ತಾಳೆ. ಜೊತೆಗೆ ಓದಿನಲ್ಲಿ ಹಿಂದಿರುವವರಿಗೆ "ಸಿ ಗುಂಪಿನವರು ಆ ಸಾಲಿನಲ್ಲಿ ಕೂತ್ಕೊಳ್ಳಿ" ಬೇರೆ. ಸಹಾಯ ಮಾಡಿ, ಯಾರಿಗೆ ಮಾಡುತ್ತಿದ್ದೀರಿ ಅಂತ ಕ್ಲಾಸಿಗೆಲ್ಲ ಸಾರಬೇಡಿ.

ಗಣಿತದ_ಮೇಷ್ಟ್ರು
ನಮ್ಮ ಶಾಲೆಯಲ್ಲಿ ಅರ್ಜಿ ಎಲ್ಲರ ಕೈಗೂ ಕೊಡುತ್ತೇವೆ, ತುಂಬಿಸಿ ವಾಪಸ್ ತನ್ನಿ ಅಂತ. ಯಾರಿಗೆ ಯಾವುದು ಅನ್ವಯಿಸುತ್ತದೆ ಅಂತ ಆಫೀಸಿನಲ್ಲಿ ವಿಂಗಡಿಸುತ್ತೇವೆ. ಒಬ್ಬರನ್ನೇ ಕರೆಯಬೇಕಾದರೆ "ಇಂಥ ರೋಲ್ ನಂಬರ್, ಆಫೀಸಿಗೆ ಬಾ" ಅಷ್ಟೇ. ಏನೂ ಖರ್ಚಿಲ್ಲ ಇದಕ್ಕೆ.

ಸಿಆರ್‌ಪಿ_ಒಬ್ಬ
ಇದನ್ನು ನಮ್ಮ ಕ್ಲಸ್ಟರ್ ಸಭೆಯಲ್ಲಿ ಹೇಳಿದೆ. ಒಬ್ಬರು "ಸರ್ಕಾರವೇ ಜಾತಿ ಕೇಳುತ್ತದೆ, ನಾವು ಕೇಳಿದರೆ ತಪ್ಪಾ" ಅಂದರು. ಸರ್ಕಾರ ಕಾಗದದಲ್ಲಿ ಕೇಳುತ್ತದೆ, ನೀವು ಐವತ್ತು ಜನರ ಮುಂದೆ ಕೇಳುತ್ತೀರಿ ಅಂದೆ. ಸುಮ್ಮನಾದರು. ಬದಲಾದರೋ ಇಲ್ಲವೋ ನೋಡಬೇಕು.

ಹಾಸ್ಟೆಲ್_ವಾರ್ಡನ್
ಊಟದ ವಿಷಯ ಯಾರೂ ಹೇಳಲಿಲ್ಲ. ಬಿಸಿಯೂಟ ಹತ್ತನೇ ತರಗತಿಯವರೆಗೂ ಇದೆ, ಮೊಟ್ಟೆ ಈಗ ವಾರಕ್ಕೆ ಆರು ದಿನ. ಸೋಮವಾರದ ಹಾಜರಿಯನ್ನು ಒಮ್ಮೆ ನೋಡಿ. ಭಾನುವಾರ ಮನೆಯಲ್ಲಿ ಒಲೆ ಉರಿಯದವರು ಸೋಮವಾರ ಮಧ್ಯಾಹ್ನದ ಹೊತ್ತಿಗಾದರೂ ಬಂದೇ ಬರುತ್ತಾರೆ.

ಸುಮ್ನೆ_ಬಂದೆ
ಮೊಟ್ಟೆ ಬೇಡ ಅನ್ನುವವರು ಈಗ ಬರ್ತಾರೆ ನೋಡಿ

ಹಾಸ್ಟೆಲ್_ವಾರ್ಡನ್
ಬೇಡದವರಿಗೆ ಬಾಳೆಹಣ್ಣು ಇದೆ. ಆ ಜಗಳ ಇಲ್ಲಿ ಬೇಡ.

ಕಡಲತೀರದವಳು
ಮೊಟ್ಟೆಯ ಸಿಪ್ಪೆ ಸುಲಿಯುವುದಕ್ಕೇ ನಮ್ಮ ಅಡುಗೆಯವರಿಗೆ ಕೈ ಸೋತು ಹೋಗುತ್ತದೆ ಮಾರಾಯ್ರೆ. ಅವರ ಸಂಬಳದ ಬಗ್ಗೆ ಬೇರೆಯೇ ಚರ್ಚೆ ಬೇಕು.

ಮಕ್ಕಳ_ಸಹಾಯಿ
ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದೇನೆ, ಕಲಬುರಗಿ ಭಾಗ. ಹೈಸ್ಕೂಲಿನವರಿಗೆ ಹೆಚ್ಚು ಗೊತ್ತಿಲ್ಲದ ಎರಡು ವಿಷಯ ಹೇಳುತ್ತೇನೆ.

ತಂದೆ ತೀರಿಕೊಂಡ, ತಾಯಿ ಒಬ್ಬಳೇ ಸಾಕುತ್ತಿರುವ ಮಕ್ಕಳು, ತಂದೆತಾಯಿ ಇಬ್ಬರೂ ಇಲ್ಲದೆ ಅಜ್ಜಿ ಅಥವಾ ಸೋದರಮಾವನ ಮನೆಯಲ್ಲಿರುವವರು, ತಂದೆ ಅಥವಾ ತಾಯಿ ದೊಡ್ಡ ಕಾಯಿಲೆಯಲ್ಲಿರುವವರು, ಇಂಥವರಿಗೆ ಮಿಷನ್ ವಾತ್ಸಲ್ಯ ಅನ್ನುವ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಪ್ರಾಯೋಜಕತ್ವ ಇದೆ. ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಾದರೆ ಮನೆಯ ವರಮಾನ ವರ್ಷಕ್ಕೆ 72,000ದೊಳಗೆ ಇರಬೇಕು, ಪಟ್ಟಣದಲ್ಲಿ 96,000. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಇದು ಶಿಕ್ಷಣ ಇಲಾಖೆಯದ್ದಲ್ಲ, ಆದ್ದರಿಂದ ನಿಮ್ಮ ಏಳೆಂಟು ಪಟ್ಟಿಯಲ್ಲಿ ಇದು ಇರುವುದೇ ಇಲ್ಲ. ಸ್ಕಾಲರ್‌ಶಿಪ್ ವರ್ಷಕ್ಕೊಮ್ಮೆ ಬರುತ್ತದೆ, ಇದು ಮನೆ ನಡೆಸುವ ದುಡ್ಡು. ಮಗುವನ್ನು ಕೂಲಿಗೆ ಕಳಿಸದೆ ಇರಲು ಇದೇ ಆಸರೆ.

ಎರಡನೆಯದು, ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ, ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಮಗು ಬಿಟ್ಟರೆ ಆ ಕಾಯ್ದೆ ಹಿಡಿದು ಕೇಳಲು ಬರುವುದಿಲ್ಲ. ಆದರೆ ಅಂಗವಿಕಲ ಮಕ್ಕಳಿಗೆ 2016ರ ಕಾಯ್ದೆಯಲ್ಲಿ 18ರವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದರಲ್ಲಿ 21 ಬಗೆಯ ನ್ಯೂನತೆ ಸೇರಿವೆ, ಕಲಿಕಾ ನ್ಯೂನತೆಯೂ ಒಂದು. ಓದಲು ಬಾರದವರನ್ನೆಲ್ಲ ದಡ್ಡರು ಅಂತ ಸಿ ಗುಂಪಿಗೆ ಹಾಕುವ ಮೊದಲು ಬ್ಲಾಕಿನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರು) ಅವರಿಗೆ ಒಮ್ಮೆ ತೋರಿಸಿ. ಪ್ರಮಾಣಪತ್ರ ಸಿಕ್ಕರೆ ಹತ್ತನೇ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ಇದು ಪರೀಕ್ಷೆಗೆ ಒಂದು ತಿಂಗಳು ಇರುವಾಗ ಓಡಿದರೆ ಆಗುವ ಕೆಲಸವಲ್ಲ.

ಸಮಾಜ_ಮೇಡಂ
ಪ್ರಾಯೋಜಕತ್ವದ ಬಗ್ಗೆ ನನಗೆ ಗೊತ್ತೇ ಇರಲಿಲ್ಲ ಅಕ್ಕ. ನನ್ನ ಒಂಬತ್ತನೇ ತರಗತಿ ಒಂದರಲ್ಲೇ ಇದಕ್ಕೆ ಹೊಂದುವ ಮಕ್ಕಳು ಕಣ್ಣ ಮುಂದೆ ಬರುತ್ತಿದ್ದಾರೆ.

ಸಿಆರ್‌ಪಿ_ಒಬ್ಬ
ಎನ್‌ಎಂಎಂಎಸ್ (ಕೇಂದ್ರದ ಪ್ರತಿಭಾ ಸ್ಕಾಲರ್‌ಶಿಪ್) ಮರೆಯಬೇಡಿ. ಎಂಟನೇ ತರಗತಿಯಲ್ಲಿ ಪರೀಕ್ಷೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000. ಪೋಷಕರ ಆದಾಯ ಮೂರೂವರೆ ಲಕ್ಷದೊಳಗೆ. ಜಾತಿ ಯಾವುದೇ ಇರಲಿ. ನಮ್ಮ ರಾಜ್ಯಕ್ಕೆ 5,534 ಸ್ಥಾನ ಇದೆ. ಎಷ್ಟೋ ಶಾಲೆಯವರು ಚುರುಕಾದ ನಾಲ್ಕೈದು ಮಕ್ಕಳಿಗೆ ಮಾತ್ರ ಅರ್ಜಿ ಹಾಕಿಸುತ್ತಾರೆ. ಅರ್ಹತೆ ಇರುವ ಎಲ್ಲರಿಗೂ ಹಾಕಿಸಿ. ಆಯ್ಕೆಯಾದ ಮೇಲೆ ಪ್ರತಿ ವರ್ಷ ಎನ್‌ಎಸ್‌ಪಿಯಲ್ಲಿ (ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್) ನವೀಕರಣ ಮಾಡಬೇಕು. ಪಿಯುಸಿಗೆ ಹೋದ ಮೇಲೆ ಇದು ಯಾರ ಕೆಲಸ ಅಂತ ಯಾರಿಗೂ ಗೊತ್ತಿರುವುದಿಲ್ಲ, ದುಡ್ಡು ನಿಂತುಬಿಡುತ್ತದೆ.

ಬೆಂಗಳೂರ್_ಬಾಬು
ಎನ್‌ಎಂಎಂಎಸ್ ತರಬೇತಿಗೆ ನಮ್ಮ ಗುಂಪಿನವರು ಆನ್‌ಲೈನ್ ಪಾಠ ಮಾಡಬಹುದಲ್ಲ? ಶಾಲೆಯ ಸ್ಮಾರ್ಟ್ ಬೋರ್ಡ್‌ನಲ್ಲೇ ತೋರಿಸಿ. ಮನೆಗೆ ಟ್ಯಾಬ್ ಬೇಡ, ಒಪ್ಪಿದೆ.

ತಾಂಡಾದ_ಹುಡುಗ
ಇದು ಒಳ್ಳೇದು ಅಣ್ಣ. ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳು ನಮ್ಮ ಮಕ್ಕಳಿಗೆ ಅಭ್ಯಾಸವೇ ಇರುವುದಿಲ್ಲ. ನಾನೂ ಶನಿವಾರ ಕೂರುತ್ತೇನೆ. ತಿಂಡಿಯ ದುಡ್ಡು ಮಾತ್ರ ಮರೆಯಬೇಡಿ 🙂

ಗಣಿತದ_ಮೇಷ್ಟ್ರು
ಪೋಷಕರ ಬಗ್ಗೆ ಯಾರೂ ಹೇಳುತ್ತಿಲ್ಲ. ಸಭೆ ಕರೆದರೆ ಬರುವುದಿಲ್ಲ. ಮಗು ಯಾವ ತರಗತಿ ಅಂತಲೂ ಕೆಲವರಿಗೆ ಗೊತ್ತಿರುವುದಿಲ್ಲ. ಎಲ್ಲವನ್ನೂ ಶಿಕ್ಷಕರೇ ಮಾಡಬೇಕಾ?

ಕೃಷ್ಣಾತೀರ
ನೀವು ಸಭೆ ಯಾವಾಗ ಕರೆಯುತ್ತೀರಿ? ಬೆಳಿಗ್ಗೆ 11ಕ್ಕೆ ಅಲ್ಲೇನ್ರಿ? ಆ ಹೊತ್ತಿನಲ್ಲಿ ಹೊಲದಲ್ಲಿರುತ್ತಾರೆ. ಬಂದರೆ ಒಂದು ದಿನದ ಕೂಲಿ ಹೋಯಿತು. ನಾವು ಎಸ್‌ಡಿಎಂಸಿಯಿಂದ ಸಂಜೆ ಏಳಕ್ಕೆ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕರೆದೆವು. ಕಟ್ಟೆ ಹತ್ತದ ಓಣಿಯವರೂ ಇದ್ದಾರೆ ಅಂತ ಆಮೇಲೆ ಅಂಗನವಾಡಿ ಮುಂದೆ ಇಟ್ಟೆವು. ಜನ ತುಂಬಿದರು. ಬಯ್ಯಲು ಕರೆದರೆ ಯಾರು ಬರುತ್ತಾರೆ ಹೇಳ್ರಿ? ಪ್ರತಿ ಸಲ "ನಿಮ್ಮ ಮಗ ಓದಲ್ಲ" ಅಂತ ಕೇಳಿಸಿಕೊಳ್ಳಲು ಅವರಿಗೇನು ಹುಚ್ಚಾ?

ನಿವೃತ್ತ_ಎಚ್‌ಎಂ
ಇದು ನೂರಕ್ಕೆ ನೂರು ಸರಿ. ಫೋನ್ ಮಾಡಿದಾಗ ಮೊದಲ ಸಲ ಒಂದು ಒಳ್ಳೆ ಸುದ್ದಿ ಹೇಳಿ ಇಡಿ. ಎರಡನೇ ಸಲ ದೂರು ಹೇಳಿದರೂ ಫೋನ್ ಎತ್ತುತ್ತಾರೆ.

ಮಕ್ಕಳ_ಸಹಾಯಿ
ಮದುವೆ ವಿಷಯ ಕೃಷ್ಣಾತೀರ ಅಣ್ಣ ಎತ್ತಿದ್ದರು, ಅದಕ್ಕೆ ಸೇರಿಸುತ್ತೇನೆ. ಒಂಬತ್ತರ ಪರೀಕ್ಷೆ ಮುಗಿದು ಹತ್ತು ಶುರುವಾಗುವ ಮುಂಚಿನ ಬೇಸಿಗೆ ರಜೆಯೇ ಅಪಾಯದ ಕಾಲ. ಬಸವ ಜಯಂತಿ, ಅಕ್ಷಯ ತೃತೀಯದ ಸಾಮೂಹಿಕ ಮದುವೆಗಳು ಆಗಲೇ. ಯಾವ ಹುಡುಗಿಯ ಮನೆಯಲ್ಲಿ ಮಾತು ನಡೆಯುತ್ತಿದೆ ಅಂತ ಅವಳ ಗೆಳತಿಯರಿಗೆ ಮಾರ್ಚ್‌ನಲ್ಲೇ ಗೊತ್ತಿರುತ್ತದೆ. ಅವರು ಹೇಳುವಂಥ ಒಬ್ಬ ಮೇಡಂ ಶಾಲೆಯಲ್ಲಿ ಇರಬೇಕು, ಅಷ್ಟೇ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಹೆಸರು ಹೊರಗೆ ಬರುವುದಿಲ್ಲ. ಆದರೆ ಪೊಲೀಸರು ಬರುವ ಹಂತಕ್ಕೆ ಮುಂಚೆಯೇ ಅಂಗನವಾಡಿ ಕಾರ್ಯಕರ್ತೆ, ಪಿಡಿಒ ಇಬ್ಬರನ್ನೂ ಜೊತೆ ಮಾಡಿಕೊಂಡು ಮನೆಗೆ ಹೋದರೆ ಹೆಚ್ಚು ಕೆಲಸ ಆಗುತ್ತದೆ. ಮನೆಯವರ ಚಿಂತೆ ಸಾಮಾನ್ಯವಾಗಿ ಒಂದೇ, ನಾವು ಗುಳೆ ಹೋದರೆ ಇವಳನ್ನು ಎಲ್ಲಿ ಬಿಡುವುದು. ಅದಕ್ಕೆ ಉತ್ತರ ಇಟ್ಟುಕೊಂಡು ಹೋಗಿ. ಕಸ್ತೂರಬಾ ಶಾಲೆ (ಹುಡುಗಿಯರ ವಸತಿ ಶಾಲೆ), ಹಾಸ್ಟೆಲ್, ಎಲ್ಲಿ ಸೀಟಿದೆ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಹಾಸ್ಟೆಲ್_ವಾರ್ಡನ್
ಹಾಸ್ಟೆಲ್ ಅರ್ಜಿ ಜೂನ್-ಜುಲೈಯಲ್ಲಿ ಮುಗಿದಿರುತ್ತದೆ, ಗುಳೆ ಶುರುವಾಗುವುದು ನವೆಂಬರ್‌ನಲ್ಲಿ. ಯಾರು ಹೋಗುತ್ತಾರೆ ಅಂತ ಹೋದ ವರ್ಷದ ಹಾಜರಿ ಪುಸ್ತಕವೇ ಹೇಳುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಸಾಲಾಗಿ ಗೈರುಹಾಜರಾದವರ ಹೆಸರು ತೆಗೆದು, ಜೂನ್‌ನಲ್ಲೇ ಅರ್ಜಿ ಹಾಕಿಸಿ. ಹತ್ತನೇ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು ಅಂತ ಮನೆಯವರಿಗೂ ಆಗಲೇ ಹೇಳಿಬಿಡಿ.

ಕಡಲತೀರದವಳು
ಬಸ್ಸಿನ ಕಥೆ ಏನು ಅಲ್ಲಿ? ನಮ್ಮಲ್ಲಿ 2023ರ ಜೂನ್‌ನಲ್ಲಿ ಶಕ್ತಿ (ಹೆಣ್ಣುಮಕ್ಕಳಿಗೆ ಉಚಿತ ಬಸ್) ಬಂದ ಮೇಲೆ ಹುಡುಗಿಯರಿಗೆ ಅನುಕೂಲ ಆಯಿತು, ಆದರೆ ಸರ್ಕಾರಿ ಬಸ್ಸೇ ಕಡಿಮೆ.

ಸಮಾಜ_ಮೇಡಂ
ಇಲ್ಲಿ ಬಸ್ ಇದೆ, ತುಂಬಿದ್ದರೆ ತಾಂಡಾ ಕ್ರಾಸಿನಲ್ಲಿ ನಿಲ್ಲಿಸುವುದಿಲ್ಲ. ಮಕ್ಕಳು ಟಂಟಂ ಆಟೊ ಹತ್ತಿ ಬರುತ್ತಾರೆ, ಅದಕ್ಕೆ ದುಡ್ಡು. ಮೊದಲು ಎಂಟನೇ ತರಗತಿಗೆ ಸೈಕಲ್ ಕೊಡುತ್ತಿದ್ದರು, ಕೊರೋನಾ ಕಾಲದಲ್ಲಿ ನಿಂತಿದ್ದು ನಿಂತೇ ಹೋಯಿತು.

ಕೃಷ್ಣಾತೀರ
ಡಿಪೋಗೆ ಎಸ್‌ಡಿಎಂಸಿ ಲೆಟರ್‌ಹೆಡ್‌ನಲ್ಲಿ ಪತ್ರ ಕೊಡ್ರಿ, ಮಕ್ಕಳ ಸಂಖ್ಯೆ, ಬಸ್ಸಿನ ಸಮಯ, ಕ್ರಾಸಿನ ಹೆಸರು ಬರೆದು. ಅದೇ ಪತ್ರವನ್ನು ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳ ಬಾಯಿಂದಲೇ ಓದಿಸ್ರಿ. ಅಲ್ಲಿ ಠರಾವು ಬರೆಸಿಕೊಳ್ಳುವುದು ಮರೆಯಬೇಡ್ರಿ, ಇಲ್ಲದಿದ್ದರೆ ಚಹಾ ಬಿಸ್ಕೆಟ್ ತಿಂದು ಮುಗಿಸುತ್ತಾರೆ.

ಸಮಾಜ_ಮೇಡಂ
ಎಲ್ಲರ ಮಾತೂ ಓದಿದೆ. ಎಚ್‌ಎಂ ಹತ್ತಿರ ಹೋಗಿ ಹೇಳಿಬಂದೆ, ನೋಟ್‌ಬುಕ್ ನಾನು ಇಡುತ್ತೇನೆ, ಮನೆಗೆ ಹೋಗುವುದು ಕ್ಲಾಸ್ ಟೀಚರ್‌ಗಳ ಕೆಲಸ, ಶನಿವಾರದ ಅರ್ಧ ಗಂಟೆಗೆ ನೀವೂ ಕೂರಬೇಕು ಅಂತ. ಮೊದಲ ಎರಡಕ್ಕೆ ಹೂಂ ಅಂದರು. ಮೂರನೆಯದಕ್ಕೆ "ನೋಡೋಣ" ಅಂದರು.

ನಿವೃತ್ತ_ಎಚ್‌ಎಂ
ಮೂರನೆಯದೇ ಮುಖ್ಯ ಮೇಡಂ. ಎಚ್‌ಎಂ ಕೂರದಿದ್ದರೆ ಎರಡನೇ ವಾರದಿಂದ ಬೇರೆಯವರೂ ಕೂರುವುದಿಲ್ಲ. ಪಟ್ಟು ಬಿಡಬೇಡಿ.

ಸುಮ್ನೆ_ಬಂದೆ
ಎಚ್‌ಎಂ ಆಗಿದ್ದವರೇ ಹೇಳ್ತಿದ್ದಾರೆ ಅಂದ್ಮೇಲೆ ಮುಗೀತು

ಸಮಾಜ_ಮೇಡಂ
ಸಿಆರ್‌ಪಿ ಸರ್, ಒಂದು ಕೇಳಬೇಕಿತ್ತು. ಪಕ್ಕದ ಊರಿನ ಪ್ರೈಮರಿ ಶಾಲೆಯಲ್ಲಿ ಏಳು ಮುಗಿಸಿದ ಇಬ್ಬರು ಹುಡುಗಿಯರು ನಮ್ಮಲ್ಲಿಗೂ ಬಂದಿಲ್ಲ. ಬೇರೆ ಹೈಸ್ಕೂಲಿಗೆ ಸೇರಿದ್ದಾರೆ ಅಂತ ಮನೆಯವರು ಹೇಳುತ್ತಾರೆ. ಇದನ್ನು ಎಲ್ಲಿ ನೋಡುವುದು?

ಸಿಆರ್‌ಪಿ_ಒಬ್ಬ
ಸೇರಿದ್ದರೆ ಆ ಶಾಲೆಯವರು ಸ್ಯಾಟ್ಸ್‌ನಲ್ಲಿ ಎಳೆದುಕೊಂಡಿರಬೇಕು. ಯಾರೂ ಎಳೆದುಕೊಂಡಿಲ್ಲ ಅಂದರೆ ಹೆಸರು ಹಳೇ ಶಾಲೆಯಲ್ಲೇ ಬಾಕಿ ಕಾಣುತ್ತದೆ. ಆ ಪ್ರೈಮರಿ ಎಚ್‌ಎಂ ಲಾಗಿನ್‌ನಲ್ಲಿ ಎರಡು ನಿಮಿಷದ ಕೆಲಸ. ಟಿಸಿ ತೆಗೆದುಕೊಂಡು ಹೋಗಿದ್ದಾರಾ, ಇಲ್ಲವಾ?

ಸಮಾಜ_ಮೇಡಂ
ಒಬ್ಬಳದ್ದು ಮಾತ್ರ ತೆಗೆದುಕೊಂಡಿದ್ದಾರಂತೆ.

ಮಕ್ಕಳ_ಸಹಾಯಿ
ಟಿಸಿ ತೆಗೆದುಕೊಳ್ಳದವಳ ಮನೆಗೆ ಮೊದಲು ಹೋಗಿ. ಯಾವ ತಾಲ್ಲೂಕು ಅಂತ ನನಗೆ ಮೆಸೇಜ್ ಹಾಕಿ, ಆ ಕಡೆಯ ನಮ್ಮ ಕಾರ್ಯಕರ್ತೆಯನ್ನೂ ಜೊತೆಗೆ ಕಳಿಸುತ್ತೇನೆ.